ಪಾಕ ಹಿಡಿಯದೆ ಸಿಹಿ: ಕಡಿಮೆ ಕಾರ್ಬ್ ಅಡುಗೆಯಲ್ಲಿ ನನ್ನ ಅನುಭವ

ಸಕ್ಕರೆ ಬಿಟ್ಟು ಸಿಹಿ ಮಾಡಲು ಹೊರಟವರಿಗೆ ರುಚಿಗಿಂತ ದೊಡ್ಡ ತಲೆನೋವು ಪಾಕ. ಸಿಹಿ ಕೊಡುವ ಪುಡಿಗಳು ಈಗ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ನಮ್ಮ ಸಿಹಿತಿಂಡಿಗಳಲ್ಲಿ ಸಕ್ಕರೆ, ಬೆಲ್ಲ ಬರೀ ಸಿಹಿಗೆ ಅಂತ ಬೀಳುವುದಿಲ್ಲ. ಎಳೆ ಪಾಕ ಬಂದರೇನೇ ಕೊಬ್ಬರಿ ಮಿಠಾಯಿ ತಟ್ಟೆಯಲ್ಲಿ ನಿಲ್ಲುವುದು. ಕುದಿಯುವ ಪಾಕದಲ್ಲಿ ಕಡಲೆಹಿಟ್ಟು ಬೇಯುವಾಗ ಕಾದ ತುಪ್ಪ ಬಿದ್ದರೇನೇ ಮೈಸೂರು ಪಾಕಿನಲ್ಲಿ ಗೂಡು ಬೀಳುವುದು. ಬೂದುಗುಂಬಳದ ಎಳೆಯೊಳಗೆ ಸಕ್ಕರೆ ಇಳಿದಾಗಲೇ ಕಾಶಿ ಹಲ್ವಕ್ಕೆ ಆ ಹೊಳಪು ಬರುವುದು.

ನಾನು ಜಾಸ್ತಿ ಬಳಸುವುದು ಎರಿತ್ರಿಟಾಲ್ ಅನ್ನುವ ಸಿಹಿ ಪುಡಿ. ಅದರಿಂದ ಇಂಥ ಪಾಕ ಬರುವುದಿಲ್ಲ. ಬಿಸಿಯಲ್ಲಿ ಚೆನ್ನಾಗಿ ಕರಗುತ್ತದೆ, ಆರಿದರೆ ಮತ್ತೆ ಹರಳಾಗುತ್ತದೆ. ಎಷ್ಟು ಕಾಯಿಸಿದರೂ ಸಕ್ಕರೆಯ ಹಾಗೆ ಕೆಂಪಗಾಗುವುದಿಲ್ಲ. ನಮ್ಮತ್ತೆ ನನ್ನ ಬಾಣಲೆ ನೋಡಿದ ತಕ್ಷಣ ಕೇಳಿದ್ದೂ ಇದನ್ನೇ: “ಪಾಕ ಹಿಡೀದೆ ಮಿಠಾಯಿ ಹೆಂಗಮ್ಮ ನಿಲ್ಲುತ್ತೆ?” ನಾನು ಆಮೇಲೆ ಕಲಿತದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ.

ನನಗೆ ಟೈಪ್ 2 ಮಧುಮೇಹ ಇದೆ. ಡಾಕ್ಟರ ಜೊತೆ ಮಾತಾಡಿ, ಮಾತ್ರೆ ಸರಿಮಾಡಿಸಿಕೊಂಡು, ದಿನಕ್ಕೆ 30 ಗ್ರಾಂ ಒಳಗಿನ ಕಾರ್ಬ್‌ಗೆ ಇಳಿದವಳು ನಾನು. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಊಟದಲ್ಲಿರುವ ಸಕ್ಕರೆ, ಪಿಷ್ಟ. ಈ ಮಾತನ್ನು ಮೊದಲೇ ಹೇಳಲೇಬೇಕು: ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಊಟ ಶುರು ಮಾಡಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ಹಳೇ ಪ್ರಮಾಣದಲ್ಲೇ ಇದ್ದು ಊಟದ ಕಾರ್ಬ್ ಮಾತ್ರ ಇಳಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಡಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಊಟದಲ್ಲಿ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ವಿಪರೀತ ಏರುವುದು) ಆಗುವ ಅಪಾಯವಿದೆ. ಅದು ಆಸ್ಪತ್ರೆಗೆ ಸೇರಬೇಕಾದಂಥ ತೊಂದರೆ.

30 ಗ್ರಾಂ ಅಂದರೆ ಎಷ್ಟು ಅಂತ ಅಂದಾಜಿಗೆ ಹೇಳುತ್ತೇನೆ. 100 ಗ್ರಾಂ ಸಕ್ಕರೆ ಅಂದರೆ 100 ಗ್ರಾಂ ಕಾರ್ಬ್. ಬೆಲ್ಲವೂ ಬಹುಪಾಲು ಸಕ್ಕರೆಯೇ. “ಬೆಲ್ಲ ಆದ್ರೆ ಪರವಾಗಿಲ್ಲ” ಅನ್ನುವ ಮಾತನ್ನು ನೆಂಟರ ಮನೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಬೆಲ್ಲಕ್ಕೆ ರುಚಿ ಇದೆ, ಪರಿಮಳ ಇದೆ, ಆದರೆ ನಮ್ಮ ರಕ್ತದ ಲೆಕ್ಕದಲ್ಲಿ ಅದಕ್ಕೇನೂ ರಿಯಾಯಿತಿ ಇಲ್ಲ. ನಾರು ಕಳೆದು ಉಳಿದ ಕಾರ್ಬ್ ನೋಡಿದರೆ, 100 ಗ್ರಾಂ ಕಡಲೆಹಿಟ್ಟಿನಲ್ಲಿ 47ರ ಆಸುಪಾಸು, ಗೋಡಂಬಿಯಲ್ಲಿ 27, ಬಾದಾಮಿಯಲ್ಲಿ 10ರ ಒಳಗೆ, ಹಸಿ ತೆಂಗಿನಕಾಯಿಯಲ್ಲಿ 6. ಈ ನಾಲ್ಕು ಅಂಕಿ ತಲೆಯಲ್ಲಿದ್ದರೆ ಯಾವ ಸಿಹಿಗೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು ಅಂತ ತಾನಾಗೇ ಗೊತ್ತಾಗುತ್ತದೆ.

ಹಾಲಿನ ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಒಂದು ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 48 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದ್ದೇ ಸಕ್ಕರೆ ಇರುತ್ತದೆ. ಕಾಯಿಸಿ ಬಾಸುಂದಿ ಮಾಡಿದರೂ ಖೋವಾ ಮಾಡಿದರೂ ಆರಿಹೋಗುವುದು ನೀರು ಮಾತ್ರ, ಸಕ್ಕರೆ ಅಲ್ಲೇ ಇರುತ್ತದೆ. ಹಾಗಾಗಿ ಸಕ್ಕರೆ ಹಾಕದ ಪೇಡವೂ ನಮಗಲ್ಲ. ಪನೀರ್ ಮಾಡುವಾಗ ಅಥವಾ ಮೊಸರು ಕಟ್ಟಿ ನೇತುಹಾಕಿದಾಗ ನೀರಿನ ಜೊತೆ ಲ್ಯಾಕ್ಟೋಸೂ ಸುಮಾರು ಹೊರಗೆ ಹೋಗುತ್ತದೆ. ಆದ್ದರಿಂದ ಅವೆರಡೂ ನಡೆಯುತ್ತವೆ. ತುಪ್ಪಕ್ಕೆ ಲೆಕ್ಕವೇ ಬೇಡ.

ಇಷ್ಟು ತಿಳಿದ ಮೇಲೆ ನಾನು ಒಂದು ನಿರ್ಧಾರಕ್ಕೆ ಬಂದೆ. ಕಡಲೆಹಿಟ್ಟು, ರವೆ, ಮೈದಾದ ಸಿಹಿಗಳಿಗೆ ಬಾದಾಮಿ ಹಿಟ್ಟಿನ ವೇಷ ಹಾಕುವುದು ಬೇಡ. ಬಾದಾಮಿ ಹಿಟ್ಟು, ತುಪ್ಪ ಸೇರಿಸಿ ಬರ್ಫಿ ಮಾಡಬಹುದು, ಚೆನ್ನಾಗಿಯೂ ಇರುತ್ತದೆ. ಆದರೆ ಅದನ್ನು ಮೈಸೂರು ಪಾಕ್ ಅಂತ ಕರೆದು ತಿಂದರೆ ಬಾಯಿಗೆ ನಿರಾಸೆ. ಅದರ ಬದಲು ತರಕಾರಿ, ಕಾಯಿ, ಬೀಜ, ಮೊಸರು ಇವೇ ಮುಖ್ಯವಾಗಿರುವ ಸಿಹಿಗಳನ್ನು ಹುಡುಕಿದೆ. ನಮ್ಮಲ್ಲಿ ಅಂಥವು ಎಷ್ಟೊಂದಿವೆ! ಗಸಗಸೆ ಪಾಯಸ, ಕಾಶಿ ಹಲ್ವ, ಶ್ರೀಖಂಡ, ಕೊಬ್ಬರಿ ಮಿಠಾಯಿ. ಇವಕ್ಕೆ ಯಾವ ವೇಷವೂ ಬೇಡ.

ಸಿಹಿಯ ಪುಡಿಗಳ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಎರಿತ್ರಿಟಾಲ್‌ನ ಸಿಹಿ ಸಕ್ಕರೆಯ ಶೇಕಡಾ 70ರಷ್ಟು. ಒಂದು ಕಪ್ ಸಕ್ಕರೆಯ ಜಾಗಕ್ಕೆ ಒಂದೂಕಾಲು ಕಪ್ಪಿಗಿಂತ ಜಾಸ್ತಿಯೇ ಬೇಕು. ಹರಳು ನಾಲಿಗೆಯ ಮೇಲೆ ಕರಗುವಾಗ ಪುದೀನಾ ತಿಂದಂಥ ತಂಪು ಕೊಡುತ್ತದೆ, ಅದು ಕೆಲವರಿಗೆ ಹಿಡಿಸುವುದಿಲ್ಲ. ಸ್ಟೀವಿಯಾದ ಸಿಹಿ ಸಕ್ಕರೆಯ 200ರಿಂದ 300 ಪಟ್ಟು, ಆದರೆ ಕೊನೆಯಲ್ಲಿ ಕಹಿ. ಎರಡನ್ನೂ ಸೇರಿಸಿದರೆ ಒಂದರ ಕುಂದು ಇನ್ನೊಂದು ಮುಚ್ಚುತ್ತದೆ. ಎರಿತ್ರಿಟಾಲ್ ಕಡಿಮೆ ಸಾಕಾಗುತ್ತದೆ, ಸ್ಟೀವಿಯಾ ಚಿಟಿಕೆಯಲ್ಲೇ ನಿಲ್ಲುತ್ತದೆ. ಜೊತೆಗೆ ಎರಡು ಕಾಳು ಉಪ್ಪು. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವುದು ನಮ್ಮ ಮನೆಯಲ್ಲಿ ಹಳೇ ರೂಢಿ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಸ್ಟೀವಿಯಾಕ್ಕೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ತಂಪಿನ ವಿಷಯದಲ್ಲಿ ನಾನು ಗಮನಿಸಿದ್ದು ಇದು: ಹರಳು ಮೊದಲೇ ಪೂರ್ತಿ ಕರಗಿದ್ದರೆ ಆ ತಂಪು ಬರುವುದಿಲ್ಲ. ಬಿಸಿ ಪಾಯಸದಲ್ಲಿ ಅದು ಗೊತ್ತೇ ಆಗುವುದಿಲ್ಲ, ಒಣ ಬರ್ಫಿಯಲ್ಲಿ ಎದ್ದು ಕಾಣುತ್ತದೆ. ಏಲಕ್ಕಿ ಜಾಸ್ತಿಯಾದರೆ ಇನ್ನೂ ಹೆಚ್ಚು ಅನ್ನಿಸುತ್ತದೆ. ಹಾಗಾಗಿ ಬರ್ಫಿಗೆ ಜಾಕಾಯಿ, ಕೇಸರಿ ಹಾಕುತ್ತೇನೆ, ಏಲಕ್ಕಿಯನ್ನು ಪಾಯಸಕ್ಕೆ ಇಟ್ಟುಕೊಳ್ಳುತ್ತೇನೆ.

ನಾನು ಮಾಡುವ ಸಿಹಿಗಳಲ್ಲಿ ಮೊದಲ ಜಾಗ ಗಸಗಸೆ ಪಾಯಸಕ್ಕೆ. ಮೂರು ದೊಡ್ಡ ಚಮಚ ಗಸಗಸೆಯನ್ನು ಸಣ್ಣ ಉರಿಯಲ್ಲಿ ಒಣದಾಗಿ ಹುರಿಯಬೇಕು. ಕೈ ನಿಲ್ಲಿಸಬಾರದು. ಬಣ್ಣ ನೋಡುತ್ತಾ ಕೂತರೆ ತಡವಾಗುತ್ತದೆ, ಮೂಗನ್ನು ನಂಬಬೇಕು. ಬಾಣಲೆಯಲ್ಲಿ ಸಣ್ಣಗೆ ಚಿಟಪಟ ಸದ್ದು ಶುರುವಾಗಿ, ಹಸಿ ವಾಸನೆ ಹೋಗಿ ಘಮ್ಮೆಂದ ತಕ್ಷಣ ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಹಿಯಾಗುತ್ತದೆ. ಅದನ್ನು ಹತ್ತು ಬಾದಾಮಿಯ ಜೊತೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಬಾದಾಮಿ ಸಿಪ್ಪೆ ತೆಗೆದು, ಅರ್ಧ ಕಪ್ ಹಸಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಬೇಕು. ಸಾಮಾನ್ಯವಾಗಿ ಈ ಪಾಯಸಕ್ಕೆ ಒಂದು ಚಮಚ ಅಕ್ಕಿ ಹಾಕುತ್ತಾರಲ್ಲ, ಅದು ಮಂದ ಬರಲಿ ಅಂತ. ಇಲ್ಲಿ ಆ ಕೆಲಸ ಬಾದಾಮಿಯದ್ದು. ರುಬ್ಬಿದ್ದು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ತರಿ ಉಳಿದರೆ ಪಾಯಸ ಕೆಳಗೆ ಗಸಿ, ಮೇಲೆ ನೀರು ಅಂತ ಬೇರೆ ಬೇರೆಯಾಗುತ್ತದೆ.

ಎರಡೂವರೆ ಕಪ್ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ತಳ ಬೇಗ ಹಿಡಿಯುತ್ತದೆ. ಒಂದು ಕುದಿ ಬಂದ ಮೇಲೆ ನಾಲ್ಕು ಚಮಚ ಎರಿತ್ರಿಟಾಲ್, ಚಿಟಿಕೆ ಸ್ಟೀವಿಯಾ, ಉಪ್ಪು. ಬೆಲ್ಲ ಇಲ್ಲದ್ದರಿಂದ ಪಾಯಸ ಬೆಳ್ಳಗಿರುತ್ತದೆ, ಬೆಲ್ಲದ ಆ ಗಾಢ ರುಚಿಯೂ ಇರುವುದಿಲ್ಲ. ಅದಕ್ಕೆ ಚೂರು ಒಣಶುಂಠಿ ಪುಡಿ, ಒಂದು ಲವಂಗ ಜಜ್ಜಿ ಹಾಕುತ್ತೇನೆ. ಅವು ಬೆಲ್ಲದ ರುಚಿ ಕೊಡುವುದಿಲ್ಲ, ಆದರೆ ಬಾಯಿಗೆ ಒಂದು ತುಂಬು ಬರುತ್ತದೆ. ಕೊನೆಯಲ್ಲಿ ಏಲಕ್ಕಿ. ನಾಲ್ಕು ಸಣ್ಣ ಲೋಟ ಆಗುತ್ತದೆ, ನಾರು ಕಳೆದು ನೋಡಿದರೆ ಲೋಟಕ್ಕೆ ಒಂದೂವರೆ ಗ್ರಾಂ ಕಾರ್ಬ್ ಸುತ್ತಮುತ್ತ. ನಮ್ಮತ್ತೆ ತಮ್ಮ ಲೋಟ ಖಾಲಿ ಮಾಡಿ “ಇನ್ನೊಂಚೂರು ಹಾಕು” ಅಂದದ್ದು ನನಗೆ ಯಾವ ಹೊಗಳಿಕೆಗೂ ಕಡಿಮೆ ಅಲ್ಲ.

ದುಬೈ, ಅಬುಧಾಬಿಯಲ್ಲಿರುವ ನಮ್ಮವರಿಗೆ ಒಂದು ಎಚ್ಚರಿಕೆ. ಅಲ್ಲಿ ಗಸಗಸೆಗೆ ನಿಷೇಧ ಇದೆ, ಊರಿಂದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಬೇಡಿ. ಬಾದಾಮಿ ಜಾಸ್ತಿ ಮಾಡಿ, ಸ್ವಲ್ಪ ಕರಬೂಜದ ಬೀಜ ಹಾಕಿದರೆ ಬೇರೆಯದೇ ಒಂದು ಒಳ್ಳೆ ಪಾಯಸ ಆಗುತ್ತದೆ.

ಕಾಶಿ ಹಲ್ವ ಇಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಬೂದುಗುಂಬಳದಲ್ಲಿ ಕಾರ್ಬ್ ಬಹಳ ಕಡಿಮೆ, 100 ಗ್ರಾಂಗೆ ಮೂರರ ಆಸುಪಾಸು, ಅದಕ್ಕೇ ಅದು ನಮಗೆ ಹೇಳಿ ಮಾಡಿಸಿದ ತರಕಾರಿ. ಆದರೆ ಅದರ ತುಂಬಾ ನೀರು. ತುರಿದು ಬಟ್ಟೆಯಲ್ಲಿ ಹಿಂಡಿ, ಹಿಂಡಿದ ನೀರನ್ನು ಮಜ್ಜಿಗೆಹುಳಿಗೆ ಇಟ್ಟುಕೊಳ್ಳುತ್ತೇನೆ. ತುರಿಯನ್ನು ತುಪ್ಪದಲ್ಲಿ ಹುರಿದು, ಎಳೆ ಮೆತ್ತಗಾಗಿ ಆಚೆ ಕಡೆ ಕಾಣುವಷ್ಟು ತಿಳಿಯಾಗುವವರೆಗೆ ಬೇಯಿಸಬೇಕು. ಇಲ್ಲಿ ಸಕ್ಕರೆ ಇದ್ದಿದ್ದರೆ ಪಾಕವಾಗಿ ಎಲ್ಲವನ್ನೂ ಹಿಡಿದಿಡುತ್ತಿತ್ತು. ಎರಿತ್ರಿಟಾಲ್ ಹಾಕಿದರೆ ತುರಿ ನೀರು ಬಿಟ್ಟುಕೊಳ್ಳುತ್ತದೆ, ಕಟ್ಟಿಕೊಳ್ಳುವುದಿಲ್ಲ. ಅರ್ಧ ಕಿಲೋ ತುರಿಗೆ ಅರ್ಧ ಸಣ್ಣ ಚಮಚ ಇಸಬ್‌ಗೋಲು ಉದುರಿಸಿ, ಕೂಡಲೇ ತಿರುವಿದರೆ ಆ ನೀರನ್ನು ಅದು ಹೀರಿ ಹಲ್ವ ಕೂಡಿಕೊಳ್ಳುತ್ತದೆ. ಒಂದು ಚಮಚ ಮೀರಿದರೆ ಲೋಳೆ ಬರುತ್ತದೆ, ಹುಷಾರು.

ಇನ್ನೊಂದು, ಈ ಹಲ್ವವನ್ನು ಬೆಚ್ಚಗಿರುವಾಗಲೇ ತಿನ್ನಬೇಕು. ಫ್ರಿಜ್ಜಿನಲ್ಲಿಟ್ಟು ಮಾರನೆ ದಿನ ತೆಗೆದರೆ ಮೇಲೆಲ್ಲ ಎರಿತ್ರಿಟಾಲ್ ಹರಳುಗಟ್ಟಿ ಹಲ್ಲಿಗೆ ಕರಕರ ಸಿಗುತ್ತದೆ. ಎರಿತ್ರಿಟಾಲ್ ಅರ್ಧಕ್ಕೆ ಇಳಿಸಿ ಉಳಿದ ಸಿಹಿಯನ್ನು ಸ್ಟೀವಿಯಾ ಅಥವಾ ಸುಕ್ರಲೋಸ್ ಹನಿಯಿಂದ ತುಂಬಿಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಕೇಸರಿ ದಳ, ಸಾಸಿವೆಯಷ್ಟು ಪಚ್ಚಕರ್ಪೂರ ಇದ್ದರೆ ಮದುವೆಮನೆಯ ಪರಿಮಳ ಬರುತ್ತದೆ. ಗೋಡಂಬಿ ಬದಲು ಸಿಹಿಗುಂಬಳದ ಬೀಜ ಹುರಿದು ಹಾಕುತ್ತೇನೆ.

ಶ್ರೀಖಂಡಕ್ಕೆ ಒಂದೇ ಗುಟ್ಟು. ತಣ್ಣಗಿನ ಮೊಸರಿನಲ್ಲಿ ಎರಿತ್ರಿಟಾಲ್ ಸರಿಯಾಗಿ ಕರಗುವುದಿಲ್ಲ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಎರಡು ಚಮಚ ಬಿಸಿ ಕ್ರೀಮಿನಲ್ಲಿ ಕೇಸರಿ ಜೊತೆ ಕರಗಿಸಿ, ಅದು ಬೆಚ್ಚಗಿರುವಾಗಲೇ ಕಟ್ಟಿದ ಮೊಸರಿಗೆ ಬೆರೆಸಿ. ಪುಡಿ ಮಾಡಿದ ಕೂಡಲೇ ಮಿಕ್ಸಿ ಮುಚ್ಚಳ ತೆಗೆಯಬೇಡಿ, ಧೂಳು ಮೂಗಿಗೆ ಹೊಡೆಯುತ್ತದೆ.

ಇನ್ನು ಅತ್ತೆ ಕೇಳಿದ ಕೊಬ್ಬರಿ ಮಿಠಾಯಿ. ಎರಡು ಕಪ್ ಕಾಯಿತುರಿ, ಕಪ್ಪು ಸಿಪ್ಪೆ ತಾಗದ ಬಿಳಿ ಭಾಗ ಮಾತ್ರ. ಮೂರು ಚಮಚ ತುಪ್ಪದಲ್ಲಿ ಬಾಡಿಸಿ, ಅರ್ಧ ಕಪ್ ಕ್ರೀಮ್, ಅರ್ಧ ಕಪ್ ಪುಡಿ ಮಾಡಿದ ಎರಿತ್ರಿಟಾಲ್, ಚಿಟಿಕೆ ಸ್ಟೀವಿಯಾ ಹಾಕಿ ತಿರುವುತ್ತಾ ಹೋದರೆ ಮುದ್ದೆಯಾಗಿ ತಳ ಬಿಡುತ್ತದೆ. ಆಗ ಎರಡು ಚಮಚ ಬಾದಾಮಿ ಪುಡಿ. ತುಪ್ಪ ಸವರಿದ ತಟ್ಟೆಗೆ ಒತ್ತಿ, ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟು ಕತ್ತರಿಸಬೇಕು. ನಿಲ್ಲಿಸುವುದು ಇಲ್ಲಿ ಪಾಕವಲ್ಲ, ಕೊಬ್ಬು. ತೆಂಗಿನ ಎಣ್ಣೆ 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುತ್ತದೆ, ತುಪ್ಪವೂ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. “ಕೊಬ್ಬೇ ಹಿಡಿದುಕೊಳ್ಳುತ್ತೆ ಅತ್ತೆ, ತಣ್ಣಗಿದ್ದರೆ ಸಾಕು, ನೋಡಿ” ಅಂತ ತಟ್ಟೆಯನ್ನೇ ಮುಂದಿಟ್ಟೆ. ಮೈಸೂರಿನ ಚಳಿಗಾಲದಲ್ಲಿ ಇದು ಹೊರಗೂ ತಕ್ಕಮಟ್ಟಿಗೆ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅಥವಾ ಮಂಗಳೂರಿನ ಸೆಖೆಯಲ್ಲಿ ಫ್ರಿಜ್ಜಿನಿಂದ ನೇರ ಬಾಯಿಗೇ. ಹದಿನಾರು ತುಂಡು ಮಾಡಿದರೆ ತುಂಡಿಗೆ ಒಂದು ಗ್ರಾಂ ಕಾರ್ಬ್.

ಅಂಗಡಿಯ “ಶುಗರ್ ಫ್ರೀ” ಸಿಹಿ ತರುವವರು ಹಿಂದಿನ ಚೀಟಿ ಓದಿ. ಖರ್ಜೂರ, ಅಂಜೂರದ ಲಡ್ಡುವಿಗೂ ಆ ಹೆಸರು ಹಚ್ಚಿದ್ದನ್ನು ನೋಡಿದ್ದೇನೆ. ಒಣ ಖರ್ಜೂರದಲ್ಲಿ ಮುಕ್ಕಾಲು ಪಾಲು ಕಾರ್ಬೇ. ಚಾಕೊಲೇಟಿನಲ್ಲಿ ಮಾಲ್ಟಿಟಾಲ್ ಅನ್ನುವ ಸಕ್ಕರೆಯ ಬದಲಿ ಇದ್ದರೆ ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ. ಸ್ಟೀವಿಯಾ ಪುಡಿಗೂ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುವುದುಂಟು, ಅದು ಶುದ್ಧ ಕಾರ್ಬ್. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಅನ್ನುವ ಸಿಹಿ ಪುಡಿ ತರಲೇಬೇಡಿ, ಸ್ವಲ್ಪ ತಿಂದರೂ ಅದರ ಜೀವಕ್ಕೆ ಅಪಾಯ.

ಇವುಗಳನ್ನು ದಿನಾ ತಿನ್ನಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ. ತೂಕ ಇಳಿಸಲೆಂದು ಸಕ್ಕರೆಯ ಬದಲಿಗಳನ್ನು ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗಲ್ಲ, ಎರಿತ್ರಿಟಾಲ್ ಅದರ ಪಟ್ಟಿಯಲ್ಲೂ ಇಲ್ಲ. ಆದರೆ ಅದೇ ವರ್ಷ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ರಕ್ತದಲ್ಲಿ ಎರಿತ್ರಿಟಾಲ್ ಜಾಸ್ತಿ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದಿತ್ತು. ಅದೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ, ನಮ್ಮ ದೇಹವೂ ಸ್ವಲ್ಪ ಎರಿತ್ರಿಟಾಲ್ ತಯಾರಿಸುತ್ತದೆ. ಹಾಗಂತ ಕಡೆಗಣಿಸುವ ಮಾತೂ ಅಲ್ಲ. ನಮ್ಮ ಮನೆಯಲ್ಲಿ ಇವು ಹಬ್ಬಕ್ಕೆ, ಅಪರೂಪಕ್ಕೊಂದು ಭಾನುವಾರಕ್ಕೆ ಅಷ್ಟೇ. ಸಕ್ಕರೆ ಬಿಟ್ಟು ಕೆಲವು ವಾರ ಕಳೆದರೆ ಹಸಿ ಕಾಯಿಚೂರು, ಬಾಡಿಸಿದ ಈರುಳ್ಳಿಯಲ್ಲೂ ಸಿಹಿ ಗೊತ್ತಾಗುತ್ತದೆ. ಆಗ ಪಾಯಸಕ್ಕೆ ಹಾಕುವ ಪುಡಿಯೂ ತಾನಾಗಿ ಕಡಿಮೆಯಾಗುತ್ತದೆ.

ಹಬ್ಬಗಳಲ್ಲಿ ಯುಗಾದಿಯ ಬೇವು–ಬೆಲ್ಲಕ್ಕೆ ನಾನು ಬದಲಿ ಹುಡುಕಿಲ್ಲ. ಚಿಟಿಕೆ ಬೆಲ್ಲದಲ್ಲಿ ಇರುವುದು ಒಂದೆರಡು ಗ್ರಾಂ, ಅದನ್ನು ಆ ದಿನದ ಲೆಕ್ಕಕ್ಕೆ ಸೇರಿಸಿ ನಿಜವಾದ ಬೆಲ್ಲವನ್ನೇ ತಿನ್ನುತ್ತೇನೆ. ಸಂಕ್ರಾಂತಿಗೆ ನನ್ನ ಡಬ್ಬಿ ಬೇರೆ: ಒಂದು ಕಪ್ ಸಣ್ಣಗೆ ಹೆಚ್ಚಿದ ಒಣಕೊಬ್ಬರಿ, ಅರ್ಧ ಕಪ್ ಹುರಿದ ಬಿಳಿ ಎಳ್ಳು, ಅರ್ಧ ಕಪ್ ಹುರಿದು ಸಿಪ್ಪೆ ತೆಗೆದ ಶೇಂಗಾ. ಹುರಿಗಡಲೆ, ಬೆಲ್ಲ, ಸಕ್ಕರೆ ಅಚ್ಚು ಇಲ್ಲ. ಕೊಬ್ಬರಿಯನ್ನು ಬಿಸಿಲಿಗಿಟ್ಟು ಚೆನ್ನಾಗಿ ಗರಿಯಾಗಿಸಿದರೆ ಅಗಿಯುತ್ತಾ ಹೋದ ಹಾಗೆ ಅದರದ್ದೇ ಸಿಹಿ ಬಿಡುತ್ತದೆ, ಯಾವ ಪುಡಿಯೂ ಬೇಕಾಗುವುದಿಲ್ಲ. ಬೀರುವ ಎಳ್ಳಿಗೆ ಮಾತ್ರ ಅತ್ತೆ ಕೂತು ಬೆಲ್ಲ ಹೆಚ್ಚುತ್ತಾರೆ, ಅಚ್ಚು ಹೊಯ್ಯುತ್ತಾರೆ. ನೆರೆಮನೆಯವರಿಗೆ ಹೋಗುವ ಪೊಟ್ಟಣದಲ್ಲಿ ಎಲ್ಲವೂ ಇರುತ್ತದೆ.