ಸಂತಿಗೆ ಅವರೇ ಹೋಗಲಿ: ಬೌದ್ಧಿಕ ವಿಕಲತೆ ಇರುವವರಿಗೆ ಜೊತೆಯಾಗುವ ಬಗೆ

“ಅದಕ್ಕೇನ ತಿಳಿತೈತ್ರಿ? ಕೊಟ್ಟಿದ್ದ ತಿಂತೈತಿ.” ಬೌದ್ಧಿಕ ವಿಕಲತೆ ಇರುವ, ಅಂದರೆ ಕಲಿಯುವುದು, ತಿಳಿಯುವುದು ನಿಧಾನವಿರುವ, ಮೂವತ್ತು ದಾಟಿದ ಮನುಷ್ಯನ ಎದುರೇ ಈ ಮಾತು ಆಡುವವರು ಜಮಖಂಡಿಯಲ್ಲೂ ಇದ್ದಾರೆ, ಇಂಡಿಯಲ್ಲೂ ಇದ್ದಾರೆ. ಕೂಸನ್ನು ಮುದ್ದಿನಿಂದ ‘ಅದು’ ಅನ್ನುವುದು ನಮ್ಮ ಕಡೆಯ ರೂಢಿ. ಮೀಸೆ ಬಂದವರನ್ನೂ ಹಾಗೇ ಕರೆದರೆ ಅವರು ಊರಿನ ಕಣ್ಣಲ್ಲಿ ಕೂಸಾಗಿಯೇ ಉಳಿಯುತ್ತಾರೆ. ಕೂಸಿನ ಕೈಗೆ ಯಾರೂ ರೊಕ್ಕ ಕೊಡುವುದಿಲ್ಲ. ಆದ್ದರಿಂದ ಮೊದಲ ಕೆಲಸ ಖರ್ಚಿಲ್ಲದ್ದು. ‘ಬಸಪ್ಪಣ್ಣಾ’, ‘ನೀಲವ್ವಕ್ಕಾ’ ಎಂದು ವಯಸ್ಸಿಗೆ ತಕ್ಕಂತೆ ಕರೆಯಿರಿ. ಅವರ ಸುದ್ದಿಯನ್ನು ಅವರ ತಲೆಯ ಮೇಲಿಂದ ಬೇರೆಯವರ ಹತ್ತಿರ ಆಡಬೇಡಿ.

ಎರಡನೆಯದು, ‘ಮೊದಲು ಮನೆಯಲ್ಲಿ ಎಲ್ಲ ಕಲಿಯಲಿ, ಆಮೇಲೆ ಹೊರಗೆ ಕಳಿಸೋಣ’ ಎಂಬ ಲೆಕ್ಕಾಚಾರ ಬಿಡಿ. ಬೌದ್ಧಿಕ ವಿಕಲತೆ ಇರುವವರಲ್ಲಿ, ಆಟಿಸಂ (ಮಾತುಕತೆ, ಜನರ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ) ಇರುವವರಲ್ಲಿ ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ಬರುವುದು ಕಷ್ಟ. ಶಾಲೆಯ ಮೇಜಿನ ಮೇಲೆ ಪ್ಲಾಸ್ಟಿಕ್ ನಾಣ್ಯ ಎಣಿಸಿದವರು ಉಳ್ಳಾಗಡ್ಡಿ ಅಂಗಡಿಯ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತಾರೆ. ಸಂತೆಯ ಕೆಲಸ ಸಂತೆಯಲ್ಲೇ ಕಲಿಸಬೇಕು, ಬಸ್ಸಿನದು ಬಸ್ಸಿನಲ್ಲೇ.

ಏನು ಬೇಕು ಎಂದು ಕೇಳುವುದು

ಇದು ಸುಲಭ ಅನ್ನಿಸುತ್ತದೆ, ಹೆಚ್ಚು ಕೆಡುವುದೂ ಇದೇ. “ಚಹಾ ಬೇಕೋ, ಹಾಲು ಬೇಕೋ?” ಅಂದರೆ “ಹಾಲು” ಎಂಬ ಉತ್ತರ ಬರುತ್ತದೆ. ಹಾಲು ಇಷ್ಟ ಅಂತಲ್ಲ, ಕೊನೆಗೆ ಕಿವಿಗೆ ಬಿದ್ದದ್ದು ಅದು. ಮರುದಿನ ತಿರುವಿ ಕೇಳಿ: “ಹಾಲು ಬೇಕೋ, ಚಹಾ ಬೇಕೋ?” ಆಗ “ಚಹಾ” ಬಂದರೆ ನಿಮಗೆ ಸಿಕ್ಕಿದ್ದು ಪ್ರತಿಧ್ವನಿ. ಮಾತು ಬಿಟ್ಟು ಎರಡು ಲೋಟ ಮುಂದಿಡಿ, ಬಲ ಎಡ ಬದಲಿಸುತ್ತಾ ಐದಾರು ದಿನ ನೋಡಿ. ಯಾವ ಬದಿಗಿಟ್ಟರೂ ಕೈ ಒಂದೇ ಲೋಟಕ್ಕೆ ಹೋದರೆ ಅದು ಆಯ್ಕೆ.

“ಬರ್ತೀಯಲ್ಲಾ?” “ಛಲೋ ಐತಿಲ್ಲೋ?” ಇಂಥ ಪ್ರಶ್ನೆಗೆ ಬರುವ ‘ಹ್ಞೂಂ’ ನಂಬಬೇಡಿ. ಹ್ಞೂಂ ಅಂದರೆ ಬೈಗುಳ ತಪ್ಪುತ್ತದೆ ಎಂದು ಚಿಕ್ಕಂದಿನಿಂದ ಕಲಿತಿರುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಸುಮ್ಮನಿರಿ. ನಮ್ಮ ಮಂದಿಗೆ ಹತ್ತು ಸೆಕೆಂಡಿನ ಮೌನ ಬಹಳ ಉದ್ದ, ಮೂರಕ್ಕೇ ಬಾಯಿ ಹಾಕುತ್ತಾರೆ. ಆಗ ಯೋಚನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಮಾತು ಬಾರದವರಿಗೆ ಫೋಟೊ ಬಳಸಿ, ಆದರೆ ಅಂತರ್ಜಾಲದಿಂದ ಇಳಿಸಿದ್ದಲ್ಲ. ಅವರು ಕುಡಿಯುವ ಲೋಟ, ಅವರೂರಿನ ಬಸ್ ಸ್ಟ್ಯಾಂಡು, ಅವರು ಹೋಗುವ ಗುಡಿ, ಇವುಗಳ ಫೋಟೊ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ಆರು ಚಿತ್ರದಿಂದ ಶುರುವಾದರೆ ಸಾಕು, ಆರರಲ್ಲಿ ಒಂದು ‘ಬ್ಯಾಡ’ ಆಗಿರಲೇಬೇಕು. ಬೇಡ ಅನ್ನಲು ದಾರಿ ಇಲ್ಲದವರು ತಟ್ಟೆ ಎಸೆಯುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ. ಅದಕ್ಕೆ ಮನೆಯವರು ‘ಹಟ’ ಎಂದು ಹೆಸರಿಡುತ್ತಾರೆ. ‘ಬ್ಯಾಡ’ ತೋರಿಸಿದ ದಿನ ಅದನ್ನು ಪಾಲಿಸಲೂಬೇಕು, ಇಲ್ಲದಿದ್ದರೆ ಅದು ಬರೀ ಕಾಗದ. ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಕಡೆ ಮನೆಮಾತು ಮರಾಠಿ ಆಗಿದ್ದು ಶಾಲೆಯಲ್ಲಿ ಕನ್ನಡ ಇದ್ದರೆ, ಒಂದು ಚಿತ್ರಕ್ಕೆ ಒಂದೇ ಭಾಷೆಯ ಒಂದೇ ಮಾತು ಇರಲಿ. ಅದು ಮನೆಮಾತಾಗಿದ್ದರೆ ಒಳ್ಳೆಯದು.

ಸಂತೆಯಲ್ಲಿ

ಒಂದೇ ವಸ್ತು, ಒಂದೇ ಅಂಗಡಿ, ಒಂದೇ ವಾರದ ಸಂತೆ. ಏನು ತರಬೇಕೆಂದು ಅವರೇ ಹೇಳಲಿ; ಮನೆಗೆ ಮೆಣಸಿನಕಾಯಿ ಬೇಕೆಂದು ಕಳಿಸುವುದಕ್ಕಿಂತ ಅವರಿಗೆ ಬೇಕಾದ ಚುರಮುರಿಯಿಂದ ಶುರುಮಾಡಿದರೆ ಬೇಗ ಹತ್ತುತ್ತದೆ. ಕೆಲಸವನ್ನು ಬಿಡಿಸಿ ನೋಡಿ: ಚೀಲ ಹಿಡಿಯುವುದು, ಅಂಗಡಿ ಗುರುತಿಸುವುದು, ಬೇಕಾದ್ದನ್ನು ತೋರಿಸುವುದು, ನೋಟು ಕೊಡುವುದು, ಚಿಲ್ಲರೆಗೆ ನಿಲ್ಲುವುದು, ಚೀಲಕ್ಕೆ ಹಾಕುವುದು. ಕಲಿಸುವುದು ಹಿಂದಿನಿಂದ ಮುಂದಕ್ಕೆ. ಮೊದಲ ವಾರ ಎಲ್ಲ ನೀವೇ ಮಾಡಿ, ಚೀಲಕ್ಕೆ ಹಾಕುವುದಷ್ಟೇ ಅವರು ಮಾಡಲಿ. ಅದು ಕೂತ ಮೇಲೆ ಚಿಲ್ಲರೆಗೆ ನಿಲ್ಲುವುದೂ ಅವರದು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವರು ಅವರೇ ಆಗುತ್ತಾರೆ. ಮುಂದಿನಿಂದ ಕಲಿಸಿದರೆ ಅರ್ಧದಲ್ಲಿ ನಾವು ಕೈ ಹಾಕುತ್ತೇವೆ, ಅವರಿಗೆ ಸೋತ ನೆನಪು ಉಳಿಯುತ್ತದೆ.

ಎಣಿಕೆ ಬಾರದಿದ್ದರೆ ಸಂತೆ ಮಾಡಬಾರದು ಎಂದೇನಿಲ್ಲ. ನೋಟಿನ ಬಣ್ಣ ಸಾಕು: 10 ಕಂದು, 50 ನೀಲಿ, 100 ತಿಳಿನೇರಳೆ, 500 ಬೂದಿ. ಎಡವುವುದು 20 ಮತ್ತು 200ರಲ್ಲಿ. 20ರದು ಹಸಿರು ಬೆರೆತ ಹಳದಿ, 200ರದು ಗಾಢ ಹಳದಿ. ಸಂಜೆ ಬಲ್ಬಿನ ಬೆಳಕಿನಲ್ಲಿ ಕಣ್ಣು ಚೆನ್ನಾಗಿರುವವರೂ ತಪ್ಪುತ್ತಾರೆ. ಪರ್ಸಿನಲ್ಲಿ ಇವೆರಡನ್ನೂ ಒಟ್ಟಿಗೆ ಇಡಬೇಡಿ. ಹಳೇ ನೋಟುಗಳ ಬಣ್ಣ ಬೇರೆ, ಕಲಿಯುವಾಗ ಅವೂ ಬೇಡ. ‘ಐವತ್ತರೊಳಗಿನದಕ್ಕೆ ಒಂದು ನೀಲಿ ನೋಟು, ಚಿಲ್ಲರೆ ಕೈಗೆ ಬರುವ ತನಕ ನಿಲ್ಲು’ ಎಂಬ ಒಂದೇ ನಿಯಮದಿಂದ ವರ್ಷಗಟ್ಟಲೆ ಸಂತೆ ಮಾಡಬಹುದು.

ಅಂಗಡಿಯವರಿಗೆ ಮೊದಲೇ ಹೋಗಿ ಮೂರು ಮಾತು ಹೇಳಿ: ಅವರ ಜೊತೆಗೇ ಮಾತಾಡ್ರಿ, ಸ್ವಲ್ಪ ತಡೀರಿ, ಚಿಲ್ಲರೆ ನನ್ನ ಕೈಗೆ ಕೊಡಬ್ಯಾಡ್ರಿ. ‘ಪಾಪ, ಹಂಗ ಒಯ್ಯಲಿ ಬಿಡ್ರಿ’ ಎಂದು ಪುಕ್ಕಟೆ ಕೊಡುವ ಅಂಗಡಿ ಕಲಿಯಲು ಆಗಿಬರುವುದಿಲ್ಲ. ಎರಡು ವಾರದಲ್ಲಿ ಅವರು ರೊಕ್ಕ ತೆಗೆಯುವುದನ್ನೇ ಬಿಡುತ್ತಾರೆ, ನಾಲ್ಕನೇ ವಾರ ಬೇರೆ ಅಂಗಡಿಯಲ್ಲಿ ಕಳ್ಳನೆಂದು ಹೊಡೆತ ತಿನ್ನುತ್ತಾರೆ.

ನೀವು ಎಲ್ಲಿ ನಿಲ್ಲಬೇಕು ಎಂಬುದೇ ಈ ಕೆಲಸದ ಅಳತೆಗೋಲು. ಮೊದಲು ಪಕ್ಕದಲ್ಲಿ, ಆಮೇಲೆ ಐದು ಹೆಜ್ಜೆ ಹಿಂದೆ, ಆಮೇಲೆ ರಸ್ತೆಯಾಚೆ, ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ. ಸತತ ಮೂರು ಸಂತೆ ನಿಮ್ಮ ಮಾತಿಲ್ಲದೆ ನಡೆದರೆ ಒಂದು ಹಂತ ಹಿಂದೆ ಸರಿಯಿರಿ; ತಪ್ಪಿದರೆ ಒಂದೇ ಹಂತ ಮುಂದೆ ಬನ್ನಿ, ಮೊದಲಿಗೆ ಮರಳಬೇಡಿ. ವರ್ಷವಾದರೂ ಪಕ್ಕದಲ್ಲೇ ಇದ್ದೀರೆಂದರೆ ಕಲಿಯಬೇಕಾದವರು ನೀವು.

ಗದ್ದಲ ತಡೆಯದವರಿಗೆ, ವಿಶೇಷವಾಗಿ ಆಟಿಸಂ ಇರುವವರಿಗೆ, ಬೆಳಗ್ಗೆ ಅಂಗಡಿ ಹಚ್ಚುವ ಹೊತ್ತು ಒಳ್ಳೆಯದು. ಏಪ್ರಿಲ್–ಮೇ ಬಿಸಿಲಲ್ಲಿ ಬೆಳಗ್ಗೆ ಬಿಟ್ಟರೆ ಬೇರೆ ಹೊತ್ತೇ ಇಲ್ಲ. ಕಿಸೆಯಲ್ಲಿ ಹೆಸರು, ಎರಡು ಫೋನ್ ನಂಬರು ಇರುವ ಕಾರ್ಡಿರಲಿ. ಕೊರಳಿಗೆ ನೇತುಹಾಕುವುದು ಬೇಡ. ದಾರಿ ತಪ್ಪಿದರೆ ‘ಪರಿಚಯದ ಅಂಗಡಿಗೆ ಹೋಗು, ಕಾರ್ಡು ತೋರಿಸು’ ಎಂಬುದನ್ನು ತಪ್ಪಿಸಿಕೊಳ್ಳುವ ಮೊದಲೇ ಅಲ್ಲೇ ನಾಲ್ಕು ಸಲ ಮಾಡಿಸಿ. ಮೂರ್ಛೆ ಬರುವವರಾದರೆ ಅಂಗಡಿಯವರಿಗೂ ಹೇಳಿಡಿ: ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ, 5 ನಿಮಿಷ ದಾಟಿದರೆ ಆಂಬುಲೆನ್ಸಿಗೆ 108.

ಬಸ್ಸು

ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ ಸೇರಿವೆ. ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ, ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಇದೆ, ಆದರೆ ಕೊಲ್ಲಾಪುರಕ್ಕೋ ಸಾಂಗಲಿಗೋ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ನಡೆಯುವುದಿಲ್ಲ. ಇದನ್ನು ಮೊದಲೇ ಹೇಳಿಕೊಡದಿದ್ದರೆ ನಿಪ್ಪಾಣಿಯಲ್ಲಿ ಕಂಡಕ್ಟರ್ ಜೊತೆ ಜಗಳ ಖಂಡಿತ.

ದುಡಿಮೆ

ಇಳಕಲ್, ಗುಳೇದಗುಡ್ಡ, ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ (ಮಗ್ಗಕ್ಕೆ ಹಾಕುವ ನೂಲಿನ ಸುರುಳಿ) ಸುತ್ತುವುದು, ಖಾನಾವಳಿಗೆ ರೊಟ್ಟಿ ಕಟ್ಟುವುದು, ವಿಜಯಪುರದ ಕಡೆ ಒಣದ್ರಾಕ್ಷಿ ಆರಿಸುವುದು, ಅಮೀನಗಡದಲ್ಲಿ ಕರದಂಟು ಪ್ಯಾಕ್ ಮಾಡುವುದು: ಹುಡುಕಿದರೆ ಕೆಲಸ ಊರಲ್ಲೇ ಇದೆ. ಎಣಿಕೆ ಇರುವಲ್ಲಿ ಎಣಿಕೆಯನ್ನು ವಸ್ತುವಿಗೆ ದಾಟಿಸಿ. ಹತ್ತು ಮನೆ ಗೀಚಿದ ಹಲಗೆ, ಒಂದೊಂದು ಮನೆಗೆ ಒಂದೊಂದು ರೊಟ್ಟಿ. ಹಲಗೆ ತುಂಬಿದರೆ ಒಂದು ಕಟ್ಟು. ಕಂಡಿಕೆ ಹೆಚ್ಚು ದಪ್ಪವಾದರೆ ಲಾಳಿಯಲ್ಲಿ ಕೂರದು, ಅದಕ್ಕೆ ರಟ್ಟಿನಲ್ಲಿ ಸರಿಯಳತೆಯ ತೂತು ಕೊರೆದು ಕೊಡಿ, ಅದರೊಳಗೆ ಹಾದರೆ ಸರಿ. ಕೂಲಿ ಪಕ್ಕದವರಿಗೆ ಎಷ್ಟೋ ಅಷ್ಟೇ. ‘ಹೊತ್ತು ಹೋಗಲೆಂದು ಕೂಡಿಸೀವಿ’ ಅನ್ನುವ ಕಡೆ ಹೊತ್ತು ಹೋಗುತ್ತದೆ, ಮನುಷ್ಯ ಮಾತ್ರ ಅಲ್ಲೇ ಇರುತ್ತಾನೆ. ಬಂದ ರೊಕ್ಕದಲ್ಲಿ ಸ್ವಲ್ಪವನ್ನಾದರೂ ಅವರು ತಮಗೆ ತಿಳಿದಂತೆ, ಬೇಕಾದರೆ ದಂಡವಾಗಿಯೇ, ಖರ್ಚು ಮಾಡಲಿ.

18 ತುಂಬಿದ ಮೇಲೆ

ಹದಿನೆಂಟಾದ ಮೇಲೂ ಅಪ್ಪ ಅವ್ವ ತಾವಾಗಿಯೇ ಕಾನೂನಿನ ಪಾಲಕರಾಗಿ (ಗಾರ್ಡಿಯನ್) ಉಳಿಯುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಹಾಗಂತ ಎಲ್ಲರಿಗೂ ಕಾನೂನು ಪಾಲಕರು ಬೇಕೆಂಬುದೂ ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸೀಮಿತ ಪಾಲಕತ್ವ’ ಎನ್ನುತ್ತದೆ: ಇಂತಿಷ್ಟು ಅವಧಿಗೆ, ಇಂಥದೊಂದು ವಿಷಯಕ್ಕೆ, ಅವರ ಜೊತೆ ಕೂಡಿಯೇ ತೀರ್ಮಾನ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿ. ಬ್ಯಾಂಕಿನವರು ಬಾಯಿಮಾತಿನಲ್ಲಿ ‘ಗಾರ್ಡಿಯನ್ ಸರ್ಟಿಫಿಕೇಟ್ ತರ್ರಿ’ ಅಂದಾಗ ಓಡಬೇಡಿ. ಏಕೆ ಬೇಕೆಂದು ಬರಹದಲ್ಲಿ ಕೇಳಿ. ರೊಕ್ಕ ಇಡುವುದು, ತೆಗೆಯುವುದು ತಿಳಿಯುವವರಿಗೆ ಸ್ವಂತ ಖಾತೆ ಸಾಕು. ಪಾಲಕತ್ವಕ್ಕಿಂತ ಮೊದಲು ಒಂದು ಹಾಳೆ ಬರೆಯಿರಿ: ರೊಕ್ಕದ ವಿಷಯದಲ್ಲಿ ಯಾರನ್ನು ಕೇಳುತ್ತಾರೆ, ದವಾಖಾನೆಗೆ ಯಾರ ಜೊತೆ ಹೋಗುತ್ತಾರೆ, ಯಾವುದನ್ನು ಯಾರನ್ನೂ ಕೇಳದೆ ತಾವೇ ಮಾಡುತ್ತಾರೆ. ಹೆಸರು ಆರಿಸುವವರು ಅವರು. ಅಣ್ಣನ ಬದಲು ಪಕ್ಕದ ಮನೆಯ ಕಾಕುವನ್ನು ಹೆಸರಿಸಿದರೆ ಅಣ್ಣ ಸಿಟ್ಟಾಗಬಹುದು, ಆಗಲಿ.

ಗುರುತಿನ ಕಾರ್ಡು, ಪಿಂಚಣಿಯ ಅರ್ಜಿಗೆ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಸಿಗುತ್ತಾರೆ. ವಿಕಲಚೇತನರಿಗೆಂದು ಮೀಸಲಾದ ಪಂಚಾಯ್ತಿಯ ಶೇ 5ರ ಹಣ ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ವಿಕಲತೆ ಇರುವವರೇ ಎದ್ದು ಕೇಳುವಂತಾಗಲಿ. ಮಾತು ತೊದಲಿದರೆ ಚೀಟಿ ಓದಲಿ, ಓದು ಬಾರದಿದ್ದರೆ ಫೋಟೊ ಎತ್ತಿ ತೋರಿಸಲಿ.

ಮತದಾರರ ಪಟ್ಟಿಗೆ ನಮೂನೆ 6. ಮೊದಲೇ ಹೆಸರಿದ್ದರೆ ವಿಕಲಚೇತನರೆಂದು ಗುರುತು ಹಾಕಿಸಲು ನಮೂನೆ 8. ನ್ಯಾಯಾಲಯ ಅಸ್ವಸ್ಥಚಿತ್ತರೆಂದು ಘೋಷಿಸದ ಹೊರತು ಬೌದ್ಧಿಕ ವಿಕಲತೆ ಇದೆ ಎಂಬ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ. ಮತದಾನಕ್ಕೆ ವಾರ ಮೊದಲೇ ರಟ್ಟಿನ ಮೇಲೆ ಚಿಹ್ನೆ ಅಂಟಿಸಿ, ಮತಯಂತ್ರದಲ್ಲಿರುವಂತೆ ಪಕ್ಕಕ್ಕೊಂದು ನೀಲಿ ಗುಂಡಿ ಬರೆದು ಒತ್ತಿಸಿ. ಒತ್ತಿದ ಮೇಲೆ ಉದ್ದಕ್ಕೆ ‘ಬೀಪ್’ ಸದ್ದು ಬರುತ್ತದೆ, ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಚೀಟಿ 7 ಸೆಕೆಂಡು ಕಾಣುತ್ತದೆ ಎಂದು ಹೇಳಿಡಿ, ಸದ್ದಿಗೆ ಬೆಚ್ಚಿ ಹೊರಗೆ ಬಂದುಬಿಟ್ಟಾರು. ದೃಷ್ಟಿ ಇಲ್ಲದೆಯೋ ಮೈಯಲ್ಲಿ ಬಲವಿಲ್ಲದೆಯೋ ಗುಂಡಿ ಒತ್ತಲಾಗದವರ ಜೊತೆ 18 ದಾಟಿದ ಒಬ್ಬರು ಒಳಗೆ ಹೋಗಬಹುದು, ಆ ದಿನ ಒಬ್ಬ ಮತದಾರರಿಗೆ ಮಾತ್ರ. ಉಳಿದವರು ಒಬ್ಬರೇ ಹೋಗಲಿ. ಹೊರಗೆ ಬಂದ ಮೇಲೆ “ಯಾರಿಗೆ ಹಾಕಿದಿ?” ಎಂದು ಕೇಳಬೇಡಿ.