ಜೋಳದ ರಾಶಿ, ನನ್ನ ದಮ್ಮು, ಎರಡು ಪಂಪ್

ನಮ್ಮ ಬಸವನ ಬಾಗೇವಾಡಿ ಕಡೆ ಹಳ್ಳಿಯಲ್ಲಿ ಆಸ್ತಮಾ ಅನ್ನುವವರು ಕಡಿಮೆ, ದಮ್ಮು ಅಂತಾರೆ. ನನಗೆ ಅದು ಹತ್ತಿ 20 ವರ್ಷದ ಮೇಲಾಯಿತು. ವರ್ಷವಿಡೀ ಸಣ್ಣಗೆ ಕಾಡುತ್ತದೆ, ಬಿಳಿಜೋಳದ ರಾಶಿ ಬಂತೆಂದರೆ ಮಾತ್ರ ಮೈಮೇಲೆ ಬರುತ್ತದೆ. ಮಷಿನ್ ಶುರುವಾದರೆ ಹೊಟ್ಟು, ಸುಂಕು, ಎರೆ ಮಣ್ಣಿನ ಧೂಳು ಎಲ್ಲಾ ಒಟ್ಟಿಗೆ ಏಳುತ್ತದೆ. ಬೇರೆಯವರಿಗೆ ಮೈ ತುರಿಕೆ. ನನಗೆ ರಾತ್ರಿ ಮೂರಕ್ಕೆ ಎದೆಯೊಳಗೆ ಸೀಟಿ.

ಮೊದಲು ನನ್ನ ಹತ್ತಿರ ನೀಲಿ ಪಂಪ್, ಅಂದರೆ ಬಾಯಿಂದ ಔಷಧ ಎಳೆಯುವ ಇನ್ಹೇಲರ್, ಒಂದೇ ಇತ್ತು. ದಮ್ಮು ಹತ್ತಿದಾಗ ಎರಡು ಸಲ ಎಳೆಯೋದು, ಇಳಿದ ಮೇಲೆ ಮರೆಯೋದು. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಔಷಧದ ಸಾಲಿನಲ್ಲೂ ನಿಂತು ಬಂದೆ, ದಮ್ಮಿಗೆ ಅಂತ ಜೀವಂತ ಸಣ್ಣ ಮೀನಿನ ಬಾಯಲ್ಲಿ ಔಷಧ ಇಟ್ಟು ನುಂಗಿಸೋದು ಅದು. ಮೀನು ತಿನ್ನದವರಿಗೆ ಅಲ್ಲಿ ಬೆಲ್ಲದಲ್ಲಿ ಕೊಡ್ತಾರೆ. ಮುಂದಿನ ರಾಶಿಗೆ ದಮ್ಮು ತಪ್ಪದೆ ಬಂತು.

ಒಂದು ವರ್ಷ ಒಂದು ಮಾತು ಪೂರ್ತಿ ಆಡಲಿಕ್ಕೂ ಉಸಿರು ಸಾಲಲಿಲ್ಲ. ವಿಜಯಪುರದ ಆಸ್ಪತ್ರೆಗೆ ಒಯ್ದರು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಾಕಿ ಇಳಿಸಿದ ಮೇಲೆ ಡಾಕ್ಟರು, "ಪಂಪ್ ಹೆಂಗ ತಗೋತೀರಿ, ತೋರಿಸ್ರಿ" ಅಂದರು. ತೋರಿಸಿದೆ. "ಬಾಯಿಂದ ಹೊಗಿ ಹೊರಗ ಬಂತಲ್ರೀ, ಅದೇ ನಿಮ್ಮ ಔಷಧ!" ಅಂದರು. ಅಷ್ಟು ವರ್ಷ ಅರ್ಧ ಔಷಧ ಗಂಟಲಿಗೆ, ಇನ್ನರ್ಧ ಗಾಳಿಗೆ ಹೊಡೆದಿದ್ದೆ.

ನೀಲಿ ಪಂಪಿನಲ್ಲಿರೋದು ಸಾಲ್ಬುಟಮಾಲ್. ಬಿಗಿದ ಶ್ವಾಸನಾಳವನ್ನು ಅದು ಸಡಿಲ ಮಾಡುತ್ತದೆ, ಅಷ್ಟೇ. ನಾಳದ ಒಳಗಿನ ಊತ ಹಾಗೇ ಇರುತ್ತದೆ. ಊತಕ್ಕೆ ಬೇರೆ ಪಂಪ್ ಬೇಕು. ನನಗೆ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ಇರುವ ಪಂಪ್ ಬರೆದುಕೊಟ್ಟರು, ದಮ್ಮು ಇರಲಿ ಬಿಡಲಿ, ದಿನಾ ಎರಡು ಹೊತ್ತು. ಅವ್ವ ಕೇಳಿದವಳೇ, "ದಿನಾ ಎಳದ್ರ ಚಟ ಹತ್ತತೈತಿ ತಮ್ಮಾ" ಅಂದಳು. ಸ್ಟೀರಾಯ್ಡ್ ಅನ್ನೋ ಹೆಸರಿಗೆ ನಾನೂ ಹೆದರಿದ್ದೆ. ಆದರೆ ಗುಳಿಗೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನದು ಮೈಕ್ರೋಗ್ರಾಂನಲ್ಲಿ. ಅದೂ ನೇರ ಎದೆಗೇ ಹೋಗುತ್ತದೆ. ಚಟ ಹತ್ತುವ ಔಷಧವಲ್ಲ.

ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬಿ ಬರುತ್ತದಲ್ಲ, ನನ್ನನ್ನು ಉಳಿಸಿದ್ದು ಅದು. ಪಂಪ್ ಚೆನ್ನಾಗಿ ಅಲುಗಾಡಿಸಿ ಅದಕ್ಕೆ ಸಿಕ್ಕಿಸುತ್ತೇನೆ. ಉಸಿರು ಪೂರ್ತಿ ಬಿಡುತ್ತೇನೆ. ಬಾಯಿಗೆ ಹಿಡಿದು ಒಂದೇ ಸಲ ಒತ್ತಿ, ಬಿಸಿ ಚಹಾ ಗುಟುಕರಿಸುವಷ್ಟು ನಿಧಾನ ಎಳೆದು, ಉಸಿರು ಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಎರಡನೇದಕ್ಕೆ ಅರ್ಧ ನಿಮಿಷ ಬಿಡಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ನಾನು ಮೊದಲು ಪಂಚೆಯಿಂದ ಗಸಗಸ ಒರೆಸುತ್ತಿದ್ದೆ. ಒರೆಸಿದರೆ ಪ್ಲಾಸ್ಟಿಕ್‌ಗೆ ಕರೆಂಟ್ ಹತ್ತಿದಂತಾಗಿ ಔಷಧ ಗೋಡೆಗೇ ಅಂಟುತ್ತದಂತೆ.

ಶುರುವಿನಲ್ಲಿ ಬಾಯಿ ಮುಕ್ಕಳಿಸದೆ ಬಿಟ್ಟಿದ್ದಕ್ಕೆ ದನಿ ಕಟ್ಟಿತು, ನಾಲಗೆ ಮೇಲೆ ಬೆಳ್ಳಗಾಯಿತು. ಭಜನೆಯಲ್ಲಿ ಸುಮ್ನೆ ತಾಳ ಹಾಕಿ ಕೂತೆ. ಈಗ ಪಂಪನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ. ಮೊದಲು ಪಂಪ್, ಆಮೇಲೆ ಬ್ರಷ್. ಮುಕ್ಕಳಿಸೋದು ತಾನಾಗಿಯೇ ಆಗುತ್ತದೆ.

ಇನ್ನೊಂದು, ನನ್ನ ನೀಲಿ ಡಬ್ಬಿ 200 ಸಲದ್ದು. ಔಷಧ ಮುಗಿದ ಮೇಲೂ ಫುಸ್ ಅನ್ನುತ್ತಲೇ ಇರುತ್ತದೆ. ಸದ್ದು ನಂಬಿ ನಾನು ಖಾಲಿ ಡಬ್ಬಿ ಎಳೆದದ್ದೂ ಉಂಟು. ಅದಕ್ಕೇ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತೇನೆ.

ಅದೇ ಕ್ಯಾಲೆಂಡರಿನಲ್ಲಿ ಪೀಕ್ ಫ್ಲೋ ಮೀಟರಿನ, ಅಂದರೆ ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅಂತ ಅಳೆಯುವ ಸಾಧನದ, ಅಂಕಿಯೂ ಇದೆ. ದಿನಾ ಬೆಳಿಗ್ಗೆ ನಿಂತುಕೊಂಡು ಮೂರು ಸಲ ಜೋರಾಗಿ ಊದಿ ದೊಡ್ಡದನ್ನು ಬರೆಯೋದು. ನಾನು ಚೆನ್ನಾಗಿದ್ದಾಗ 450 ಬರುತ್ತದೆ. ಅದರಲ್ಲಿ ನೂರಕ್ಕೆ 80ರ ಮೇಲೆ, ಅಂದರೆ 360 ದಾಟಿದರೆ ಚಿಂತೆ ಇಲ್ಲ. ಅರ್ಧಕ್ಕಿಂತ, ಅಂದರೆ 225ಕ್ಕಿಂತ ಇಳಿದರೆ ನೀಲಿ ಪಂಪ್ ಎಳೆದು ತಡಮಾಡದೆ ಆಸ್ಪತ್ರೆಗೆ ಹೊರಡಬೇಕು, ಗಾಡಿ ಇಲ್ಲದಿದ್ದರೆ 108. ಎದೆಗೆ ಏನೂ ಗೊತ್ತಾಗುವ ಮೊದಲೇ ಅಂಕಿ ಇಳಿಯುತ್ತದೆ ನೋಡಿ, ಅದೇ ದೊಡ್ಡ ಉಪಕಾರ.

ಈ ಸಲ ರಾಶಿಯ ಹಿಂದಿನ ದಿನ 340 ಬಂತು. ಮಷಿನ್ ಹತ್ತಿರ ನಾನು ಹೋಗಲಿಲ್ಲ, ಮಗ ನಿಂತ. ನಾನು ಮಾಸ್ಕ್ ಹಾಕಿಕೊಂಡು, ಗಾಳಿ ಬರುವ ದಿಕ್ಕಿಗೆ ದೂರ ಕೂತು ಚೀಲ ಎಣಿಸಿದೆ. ಮನೆಗೆ ಬಂದವರೆಲ್ಲ ಅಂಗಳದಲ್ಲೇ ಬಟ್ಟೆ ಬಿಚ್ಚಿ, ಸ್ನಾನ ಮಾಡಿ ಒಳಗೆ ಬರಬೇಕು ಅಂತ ಕಟ್ಟಪ್ಪಣೆ. ಇಲ್ಲದಿದ್ದರೆ ಸುಂಕು ಹಾಸಿಗೆಗೇ ಬರುತ್ತದೆ.

ನೀಲಿ ಪಂಪ್ ಅಂಗಿ ಕಿಸೆಯಲ್ಲೇ ಇರುತ್ತದೆ. ಒಮ್ಮೆ ಹೆಂಡತಿ ಅಂಗಿಯ ಜೊತೆ ಅದನ್ನೂ ಒಗೆದು ಹಾಕಿದ್ದಳು. ಅದಕ್ಕೆ ಇನ್ನೊಂದನ್ನು ಹೊಲದ ಗುಡಿಸಲಿನಲ್ಲಿ, ನೀರಿನ ಕೊಡದ ಹತ್ತಿರ ನೆರಳಿಗೆ ಇಟ್ಟಿದ್ದೇನೆ. ನಮ್ಮ ಬಿಸಿಲಿಗೆ ಆ ಡಬ್ಬಿ ಕಾಯಬಾರದು.