ರೂಬಿಯಲ್ಲಿ ವೆಬ್ ಆ್ಯಪ್: ಲಾಗ್ ನೋಡುತ್ತಲೇ ಕೋಡ್ ಬರೆಯಿರಿ

ಯುಕಿಹಿರೊ ಮಾತ್ಸುಮೊಟೊ ರೂಪಿಸಿದ ರೂಬಿ ಭಾಷೆ ಹೊರಬಂದಿದ್ದು 1995ರಲ್ಲಿ. ಅದಕ್ಕೆ ವೆಬ್ ಲೋಕದಲ್ಲಿ ಹೆಸರು ತಂದುಕೊಟ್ಟಿದ್ದು 2004ರಲ್ಲಿ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ ರೈಲ್ಸ್ ಎಂಬ ಫ್ರೇಮ್‌ವರ್ಕ್, ಅಂದರೆ ವೆಬ್ ಆ್ಯಪ್ ಕಟ್ಟಲು ಬೇಕಾದ ಸಿದ್ಧ ಚೌಕಟ್ಟು. ನಾವು ಒಂದೆರಡು ಸಾಲು ಬರೆದರೆ ಸಾಕು, ಮಿಕ್ಕ ಕೆಲಸವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಒಳಗೆ ಏನು ನಡೆಯುತ್ತಿದೆ ಎಂಬುದು ಹೊಸಬರಿಗೆ ಕಾಣದೇ ಹೋಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಕೋಡ್ ಒಂದು ಕಡೆ, ಸರ್ವರ್ ಲಾಗ್ (ಆ್ಯಪ್ ಮಾಡುವ ಕೆಲಸಗಳು ಸಾಲುಸಾಲಾಗಿ ದಾಖಲಾಗುವ ಜಾಗ) ಇನ್ನೊಂದು ಕಡೆ ತೆರೆದಿಟ್ಟುಕೊಂಡೇ ಕೆಲಸ ಶುರುಮಾಡಿ.

ಹಂತ 1: ಬುನಾದಿ

ಆರ್‌ಬಿಎನ್ವ್‌ನಂಥ ವರ್ಷನ್ ಮ್ಯಾನೇಜರ್ ಮೂಲಕ ರೂಬಿ ಹಾಕಿಕೊಳ್ಳಿ. 'ರೈಲ್ಸ್ ನ್ಯೂ' ಕಮಾಂಡ್ ಕೊಟ್ಟರೆ ಪ್ರಾಜೆಕ್ಟ್ ಸಿದ್ಧ. ಜೆಮ್‌ಗಳ (ಸಿದ್ಧ ರೂಬಿ ಲೈಬ್ರರಿಗಳ) ಪಟ್ಟಿಯಾದ ಜೆಮ್‌ಫೈಲ್ ಜೊತೆಗೆ, ಅವುಗಳ ನಿಖರ ಆವೃತ್ತಿ ಹೇಳುವ ಜೆಮ್‌ಫೈಲ್ ಲಾಕ್ ಅನ್ನೂ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ಕಾಪಿಡುವ ವ್ಯವಸ್ಥೆಗೆ) ಸೇರಿಸಿ. ತಂಡದ ಎಲ್ಲರ ಯಂತ್ರದಲ್ಲೂ ಒಂದೇ ಆವೃತ್ತಿಯ ಜೆಮ್‌ಗಳು ಇರಬೇಕಾದರೆ ಅದು ಬೇಕೇ ಬೇಕು.

ಹಂತ 2: ಮಾಡೆಲ್ ಮತ್ತು ಮೈಗ್ರೇಷನ್

ಸದಸ್ಯರ ಇಮೇಲ್ ಎರಡು ಸಲ ದಾಖಲಾಗಬಾರದು ಎಂದು ಮಾಡೆಲ್‌ನಲ್ಲಿ (ಡೇಟಾಬೇಸ್ ಟೇಬಲ್ ಜೊತೆ ವ್ಯವಹರಿಸುವ ರೂಬಿ ಕ್ಲಾಸ್‌ನಲ್ಲಿ) ಯುನಿಕ್‌ನೆಸ್ ವ್ಯಾಲಿಡೇಷನ್, ಅಂದರೆ ಅದೇ ಇಮೇಲ್ ಮೊದಲೇ ಇದೆಯೇ ಎಂಬ ತಪಾಸಣೆ, ಬರೆದು ಹಲವರು ಕೈತೊಳೆದುಕೊಳ್ಳುತ್ತಾರೆ. ಇಷ್ಟು ಸಾಲದು. ಈ ವ್ಯಾಲಿಡೇಷನ್ ಮೊದಲು ಡೇಟಾಬೇಸನ್ನು 'ಈ ಇಮೇಲ್ ಇದೆಯೇ?' ಎಂದು ಕೇಳುತ್ತದೆ, ಆಮೇಲೆ ಸೇವ್ ಮಾಡುತ್ತದೆ. ಬಳಕೆದಾರರು ಬಟನ್ ಎರಡು ಬಾರಿ ಒತ್ತಿ ಎರಡು ರಿಕ್ವೆಸ್ಟ್ ಒಟ್ಟಿಗೇ ಬಂದರೆ, ಎರಡಕ್ಕೂ 'ಇಲ್ಲ' ಎಂಬ ಉತ್ತರ ಸಿಕ್ಕಿ ಎರಡೂ ದಾಖಲಾಗಬಹುದು. ಇದನ್ನು ನಿಜವಾಗಿ ತಡೆಯುವುದು ಡೇಟಾಬೇಸ್‌ನ ಯುನಿಕ್ ಇಂಡೆಕ್ಸ್ (ಒಂದೇ ಇಮೇಲ್ ಎರಡು ಸಲ ಬರದಂತೆ ಡೇಟಾಬೇಸೇ ಕಾಯುವ ನಿಯಮ) ಮಾತ್ರ. ಡೇಟಾಬೇಸ್‌ನ ರಚನೆ ಬದಲಿಸುವ ಫೈಲ್ ಆದ ಮೈಗ್ರೇಷನ್‌ನಲ್ಲಿ ಅದನ್ನು ಸೇರಿಸಿ. ವ್ಯಾಲಿಡೇಷನ್ ಕೂಡ ಇರಲಿ, ಬಳಕೆದಾರರಿಗೆ ಅರ್ಥವಾಗುವ ಸಂದೇಶ ತೋರಿಸಲು ಅದು ಬೇಕು. ಹಂಚಿಕೊಂಡಾದ ಮೈಗ್ರೇಷನ್ ಅನ್ನು ತಿದ್ದಲು ಹೋಗಬೇಡಿ, ಹೊಸದೊಂದನ್ನು ಬರೆಯಿರಿ.

ಹಂತ 3: ಕ್ವೆರಿಗಳ ಮೇಲೆ ಕಣ್ಣು

ರೈಲ್ಸ್ ಆ್ಯಪ್ ನಿಧಾನ ಎಂಬ ದೂರು ಬಂದರೆ ನಾನು ಮೊದಲು ಹುಡುಕುವುದು 'ಎನ್ ಪ್ಲಸ್ ಒನ್' ಸಮಸ್ಯೆಯನ್ನು. 50 ಪುಸ್ತಕಗಳ ಪಟ್ಟಿ ತೋರಿಸುವ ಪುಟ ಇದೆ ಎನ್ನಿ. ರಿಕ್ವೆಸ್ಟ್ ನಿಭಾಯಿಸುವ ಕಂಟ್ರೋಲರ್ ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಒಂದೇ ಪ್ರಶ್ನೆಯಲ್ಲಿ) ಪುಸ್ತಕಗಳನ್ನು ತರುತ್ತದೆ. ಆದರೆ ಪುಟ ರೂಪಿಸುವ ವ್ಯೂನಲ್ಲಿ ಪ್ರತಿ ಪುಸ್ತಕದ ಮುಂದೆ ಲೇಖಕರ ಹೆಸರು ಬೇಕೆಂದಾಗ ರೈಲ್ಸ್ ಪ್ರತಿ ಸಲವೂ ಡೇಟಾಬೇಸ್‌ಗೆ ಹೋಗಿಬರುತ್ತದೆ. ಲಾಗ್‌ನಲ್ಲಿ 'ಬುಕ್ ಲೋಡ್' ಒಂದು ಸಾಲು, ಅದರ ಕೆಳಗೆ 'ಆಥರ್ ಲೋಡ್' ಸಾಲುಗಳ ದೊಡ್ಡ ಸರಮಾಲೆ. ಪ್ರತಿ ಪುಸ್ತಕಕ್ಕೂ ಬೇರೆ ಬೇರೆ ಲೇಖಕರಿದ್ದರೆ ಒಟ್ಟು 51 ಕ್ವೆರಿ! ಕಂಟ್ರೋಲರ್‌ನ ಆ ಸಾಲಿಗೆ 'ಇನ್‌ಕ್ಲೂಡ್ಸ್' ಎಂದು ಆಥರ್ ಅನ್ನು ಸೇರಿಸಿ ಪುಟ ರಿಫ್ರೆಶ್ ಮಾಡಿ, ಕ್ವೆರಿ ಎರಡಕ್ಕೆ ಇಳಿಯುತ್ತದೆ. ನಿಮ್ಮ ಯಂತ್ರದಲ್ಲಿ ನಾಲ್ಕೇ ದಾಖಲೆ ಇರುವಾಗ ಈ ದೋಷ ಅನುಭವಕ್ಕೇ ಬರುವುದಿಲ್ಲ, ಲಾಗ್‌ನಲ್ಲಿ ಮಾತ್ರ ಕಾಣುತ್ತದೆ. ರೈಲ್ಸ್ 6.1ರಿಂದ 'ಸ್ಟ್ರಿಕ್ಟ್ ಲೋಡಿಂಗ್' ಸೌಲಭ್ಯವೂ ಇದೆ. ಅದನ್ನು ಆನ್ ಮಾಡಿದರೆ ಇಂಥ ಕಡೆ ನೇರವಾಗಿ ಎರರ್ ಬರುತ್ತದೆ.

ಹಂತ 4: ಹೊರಗಿನಿಂದ ಬಂದದ್ದನ್ನು ನಂಬಬೇಡಿ

ಫಾರ್ಮ್‌ನಿಂದ ಬರುವ ಮಾಹಿತಿಯಲ್ಲಿ ಯಾವ ಯಾವ ಫೀಲ್ಡ್ ಒಳಬರಬಹುದು ಎಂಬುದನ್ನು 'ಪರ್ಮಿಟ್' ಮೂಲಕ ಹೇಳಿ. 'ಅಡ್ಮಿನ್' ಫೀಲ್ಡ್ ಆ ಪಟ್ಟಿಗೆ ಸೇರಿತೆಂದರೆ ಯಾರು ಬೇಕಾದರೂ ಅಡ್ಮಿನ್ ಆಗಬಹುದು. ದಾಖಲೆ ಹುಡುಕಲು 'ವೇರ್' ಬರೆಯುವಾಗ ಬಳಕೆದಾರರ ಪಠ್ಯವನ್ನು ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ಸ್ಟ್ರಿಂಗ್‌ನೊಳಗೆ ನೇರವಾಗಿ ತುರುಕಬೇಡಿ. ಪ್ರಶ್ನಾರ್ಥಕ ಚಿಹ್ನೆ ಇಟ್ಟು ಆ ಪಠ್ಯವನ್ನು ಬೇರೆಯಾಗಿ ಕೊಡಿ, ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಪಠ್ಯದ ಸೋಗಿನಲ್ಲಿ ಡೇಟಾಬೇಸ್ ಕಮಾಂಡ್ ನುಸುಳಿಸುವ ದಾಳಿಗೆ) ಅಲ್ಲಿ ದಾರಿ ಇರುವುದಿಲ್ಲ. ವ್ಯೂಗಳಲ್ಲಿ ರೈಲ್ಸ್ ತಾನಾಗಿಯೇ ಪಠ್ಯವನ್ನು ಎಸ್ಕೇಪ್ ಮಾಡುತ್ತದೆ, ಅಂದರೆ ಅದರೊಳಗಿನ ಎಚ್‌ಟಿಎಂಎಲ್ ಕೋಡ್ ಆಗಿ ಓಡದೆ ಬರೀ ಅಕ್ಷರಗಳಾಗಿ ಕಾಣುವಂತೆ ಮಾಡುತ್ತದೆ. 'ಎಚ್‌ಟಿಎಂಎಲ್ ಸೇಫ್' ಎಂದು ಬರೆದು ಆ ರಕ್ಷಣೆಯನ್ನು ನೀವೇ ಕಳಚಬೇಡಿ.

ಹಂತ 5: ಸರ್ವರ್‌ಗೆ ಹಾಕುವ ಮುನ್ನ

ಇಮೇಲ್ ಕಳಿಸುವಂಥ ನಿಧಾನದ ಕೆಲಸಗಳನ್ನು ಹಿನ್ನೆಲೆಯಲ್ಲಿ ಕೆಲಸ ನಡೆಸುವ ರೈಲ್ಸ್‌ನ ಆ್ಯಕ್ಟಿವ್ ಜಾಬ್‌ಗೆ ಒಪ್ಪಿಸಿ. ರೈಲ್ಸ್ ಜೊತೆಗೇ ಬರುವ ಟೆಸ್ಟ್ ಲೈಬ್ರರಿ ಮಿನಿಟೆಸ್ಟ್‌ನಲ್ಲಿ ಲಾಗಿನ್, ಪಾವತಿಯಂಥ ಮುಖ್ಯ ದಾರಿಗಳಿಗಾದರೂ ಟೆಸ್ಟ್ ಬರೆಯಿರಿ. ಪಾಸ್‌ವರ್ಡ್, ಎಪಿಐ ಕೀಗಳು (ಹೊರಗಿನ ಸೇವೆ ಬಳಸಲು ಬೇಕಾದ ಗುಪ್ತ ಕೀಗಳು) ಎನ್‌ಕ್ರಿಪ್ಟ್ ಆದ ಕ್ರೆಡೆನ್ಷಿಯಲ್ಸ್ ಫೈಲ್‌ನಲ್ಲಿರಲಿ. ಅದನ್ನು ಗಿಟ್‌ಗೆ ಸೇರಿಸಬಹುದು, ಅದನ್ನು ತೆರೆಯುವ ಮಾಸ್ಟರ್ ಕೀಯನ್ನು ಮಾತ್ರ ಯಾವ ಕಾರಣಕ್ಕೂ ಸೇರಿಸಬಾರದು. ಸೇರಿಹೋಗಿದ್ದರೆ ಫೈಲ್ ಅಳಿಸಿದರೂ ಪ್ರಯೋಜನವಿಲ್ಲ, ಹಳೆಯ ಕಮಿಟ್‌ಗಳಲ್ಲಿ (ಗಿಟ್ ಉಳಿಸಿಟ್ಟ ಹಿಂದಿನ ದಾಖಲೆಗಳಲ್ಲಿ) ಅದು ಹಾಗೇ ಉಳಿದಿರುತ್ತದೆ. ಮಾಸ್ಟರ್ ಕೀ ಜೊತೆಗೆ ಆ ಫೈಲ್‌ನಲ್ಲಿದ್ದ ಒಂದೊಂದು ಕೀಯನ್ನೂ ಅಂದೇ ಬದಲಿಸಿ.